ಮಿದುಳಿನಲ್ಲಿ ಇರುವುದು ನರಕೋಶಗಳು ಮಾತ್ರವೇ?

ಮಕ್ಕಳೇ, ವಿಜ್ಞಾನ ಪುಸ್ತಕದಲ್ಲಿ ನರಕೋಶದ ಚಿತ್ರವನ್ನು ನೀವು ನೋಡಿದ್ದೀರಿ. ಕವಲು ಕವಲಾದ ಒಂದು ತಲೆ, ಅದರಿಂದ ಹೊರಟ ಉದ್ದನೆಯ ಬಾಲ, ಬಾಲದ ತುದಿಯಲ್ಲಿ ಮತ್ತೆ ಸಣ್ಣ ಸಣ್ಣ ಕವಲುಗಳು. ಈ ಚಿತ್ರವನ್ನು ಪಟ್ಟಿಯಲ್ಲಿ ಬರೆಯುವಾಗ ಅದರ ಸುತ್ತಲಿನ ಹಾಳೆಯನ್ನು ಬಿಳಿಯಾಗಿಯೇ ಬಿಡುತ್ತೇವೆ. ಹಾಗಾದರೆ ನಮ್ಮ ಮಿದುಳಿನಲ್ಲಿಯೂ ನರಕೋಶದ ಸುತ್ತ ಖಾಲಿ ಜಾಗ ಇದೆಯೇ?

ಖಂಡಿತ ಇಲ್ಲ. ಅಲ್ಲಿ ಬೇರೆ ಜಾತಿಯ ಕೋಶಗಳು ಒತ್ತೊತ್ತಾಗಿ ಕುಳಿತಿವೆ. ಅವುಗಳ ನಡುವಿನ ಕಿರಿದಾದ ಸಂದುಗಳಲ್ಲಿ ದ್ರವ ತುಂಬಿದೆ. ಆ ದ್ರವದಲ್ಲಿ ಸಂದೇಶ ಹೊತ್ತ ಪುಟ್ಟ ಅಣುಗಳು ಸಾಗುತ್ತಿರುತ್ತವೆ. ಆ ಕೋಶಗಳ ಹೆಸರು ಗ್ಲಿಯಾ. ಸಂದೇಶ ಹೊತ್ತ ಅಣುಗಳಲ್ಲಿ ಒಂದು ಮುಖ್ಯ ಗುಂಪಿನ ಹೆಸರು ಪೆಪ್ಟೈಡ್. ಇವೆರಡೂ ಇಲ್ಲದಿದ್ದರೆ ನರಕೋಶಗಳು ಕೆಲಸ ಮಾಡಲಾರವು. ಹಸು ಕರುವಿಗೆ ಹಾಲು ಕೊಡುವುದು, ಖಾರ ತಿಂದಾಗ ನಾಲಿಗೆ ಉರಿಯುವುದು, ಬಾಯಾರಿದಾಗ ದೇಹ ನೀರನ್ನು ಉಳಿಸಿಕೊಳ್ಳುವುದು ಇವೆಲ್ಲದರ ಹಿಂದೆ ಇವುಗಳ ಕೈವಾಡವಿದೆ. ಬನ್ನಿ, ಪರಿಚಯ ಮಾಡಿಕೊಳ್ಳೋಣ.

ಕೈಯಲ್ಲಿ ಹಿಡಿದು ನೋಡಬಹುದಾದ ಮಿದುಳು

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆ ಇದೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಎಂಬುದು ಅದರ ಪೂರ್ತಿ ಹೆಸರು. ಇದು ಈಗಿನ ರೂಪಕ್ಕೆ ಬಂದದ್ದು 1974ರಲ್ಲಿ. ಇಲ್ಲಿ 1995ರಲ್ಲಿ ಒಂದು ವಿಶೇಷ ಬ್ಯಾಂಕ್ ಆರಂಭವಾಯಿತು. ಅದು ಹಣ ಇಡುವ ಬ್ಯಾಂಕ್ ಅಲ್ಲ, ಮಿದುಳುಗಳನ್ನು ಇಡುವ ಬ್ಯಾಂಕ್! ಇದನ್ನು ಕಟ್ಟಿ ಬೆಳೆಸಿದವರಲ್ಲಿ ಡಾ. ಎಸ್. ಕೆ. ಶಂಕರ್ ಪ್ರಮುಖರು. ತೀರಿಕೊಂಡವರ ಮನೆಯವರು ಒಪ್ಪಿಗೆ ಕೊಟ್ಟು ದಾನ ಮಾಡಿದ ಮಿದುಳುಗಳನ್ನು ಇಲ್ಲಿ ಕಾಪಾಡುತ್ತಾರೆ. ರೋಗಗಳಿಗೆ ಕಾರಣ ಹುಡುಕುವ ವಿಜ್ಞಾನಿಗಳಿಗೆ ಅವುಗಳ ಭಾಗಗಳನ್ನು ಕೊಡುತ್ತಾರೆ. ಜೊತೆಗೆ ಒಂದು ಮಿದುಳು ಸಂಗ್ರಹಾಲಯವೂ ಇದೆ. ಅಲ್ಲಿ ಗಾಜಿನ ಜಾಡಿಗಳಲ್ಲಿ ಇಟ್ಟ ಮಿದುಳುಗಳನ್ನು ನೋಡಬಹುದು. ಕೈಗವಸು ಹಾಕಿಕೊಂಡು ನಿಜವಾದ ಮಾನವ ಮಿದುಳನ್ನು ಹಿಡಿದು ನೋಡುವ ಅವಕಾಶವನ್ನೂ ಅಲ್ಲಿ ಕೊಡುತ್ತಾ ಬಂದಿದ್ದಾರೆ.

ದೊಡ್ಡವರ ಮಿದುಳು ಸುಮಾರು 1300ರಿಂದ 1400 ಗ್ರಾಂ ತೂಗುತ್ತದೆ. ದೇಹದ ತೂಕದಲ್ಲಿ ಅದರ ಪಾಲು ನೂರರಲ್ಲಿ ಎರಡು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಾಗಲೂ ದೇಹ ಬಳಸುವ ಶಕ್ತಿಯ ಸುಮಾರು ಐದನೇ ಒಂದು ಪಾಲು ಮಿದುಳಿಗೇ ಬೇಕು!

ಈ ಮಿದುಳಿನ ತೆಳುವಾದ ಒಂದು ಸೀಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನರಕೋಶಗಳ ಜೊತೆಗೆ ಗ್ಲಿಯಾ ಕೋಶಗಳೂ ಕಾಣುತ್ತವೆ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂದು 2009ರಲ್ಲಿ ಪ್ರಕಟವಾದ ಎಣಿಕೆಯೊಂದು ತಿಳಿಸಿತು. ಗ್ಲಿಯಾ ಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೂ ಮುಂಚೆ, ಗ್ಲಿಯಾಗಳು ನರಕೋಶಗಳ ಹತ್ತು ಪಟ್ಟು ಇವೆ ಎಂದು ಬಹಳ ಪುಸ್ತಕಗಳಲ್ಲಿ ಬರೆದಿತ್ತು. ಎಣಿಸುವ ವಿಧಾನ ಸುಧಾರಿಸಿದಾಗ ಲೆಕ್ಕವೂ ಸರಿಯಾಯಿತು.

'ಅಂಟು' ಎಂಬ ಹೆಸರು

ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 1856ರಲ್ಲಿ ನರಕೋಶಗಳ ನಡುವಿನ ಈ ವಸ್ತುವಿಗೆ ನ್ಯೂರೋಗ್ಲಿಯಾ ಎಂದು ಹೆಸರಿಟ್ಟರು. ಗ್ಲಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಅಂಟು. ಗೋಡೆಯ ಕಲ್ಲುಗಳನ್ನು ಮಣ್ಣು ಹಿಡಿದು ನಿಲ್ಲಿಸುವಂತೆ ನರಕೋಶಗಳನ್ನು ಇದು ಹಿಡಿದು ನಿಲ್ಲಿಸುತ್ತದೆ, ಅಷ್ಟೇ ಇದರ ಕೆಲಸ ಎಂದು ಆಗಿನವರು ತಿಳಿದಿದ್ದರು.

1873ರಲ್ಲಿ ಇಟಲಿಯ ಕ್ಯಾಮಿಲೋ ಗಾಲ್ಜಿ ಕೋಶಗಳಿಗೆ ಕಪ್ಪು ಬಣ್ಣ ಕೊಡುವ ಒಂದು ವಿಧಾನವನ್ನು ಕಂಡುಹಿಡಿದರು. ಸ್ಪೇನ್ ದೇಶದ ರಮೋನ್ ಇ ಕಹಾಲ್ ಅದೇ ವಿಧಾನವನ್ನು ಸುಧಾರಿಸಿ, ಮಿದುಳಿನ ಕೋಶಗಳ ನೂರಾರು ಚಿತ್ರಗಳನ್ನು ಕೈಯಿಂದಲೇ ಬರೆದರು. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಹುಮಾನ ಬಂತು. ಸ್ಪೇನಿನವರೇ ಆದ ಪಿಯೋ ಡೆಲ್ ರಿಯೋ ಒರ್ಟೇಗಾ 1919ರ ಹೊತ್ತಿಗೆ ಗ್ಲಿಯಾ ಒಂದೇ ಬಗೆಯದಲ್ಲ, ಅದರಲ್ಲಿ ಬೇರೆ ಬೇರೆ ಕೋಶಗಳಿವೆ ಎಂದು ತೋರಿಸಿದರು.

ಆದರೂ ಬಹುಕಾಲ ಗ್ಲಿಯಾಗಳ ಕಡೆಗೆ ಹೆಚ್ಚಿನವರ ಗಮನ ಹರಿಯಲಿಲ್ಲ. ಇದಕ್ಕೆ ಒಂದು ಕಾರಣವಿದೆ. ನರಕೋಶಗಳು ವಿದ್ಯುತ್ ಸಂದೇಶವನ್ನು ಮಿಂಚಿನಂತೆ ಕಳುಹಿಸುತ್ತವೆ. ಸೂಕ್ಷ್ಮವಾದ ತಂತಿಯನ್ನು ಇಟ್ಟು ಅದನ್ನು ಅಳೆಯಬಹುದು. ಗ್ಲಿಯಾಗಳು ಹಾಗೆ ಮಿಂಚುವುದಿಲ್ಲ. ಸದ್ದು ಮಾಡದವರು ಕೆಲಸವನ್ನೂ ಮಾಡುತ್ತಿಲ್ಲ ಎಂದು ತಿಳಿದಂತಾಯಿತು! 1990ರಲ್ಲಿ ವಿಜ್ಞಾನಿಗಳು ಗ್ಲಿಯಾಗಳೊಳಗೆ ಕ್ಯಾಲ್ಸಿಯಂ ಏರಿಳಿಯುವುದನ್ನೂ, ಆ ಏರಿಳಿತ ಕೆರೆಯ ಅಲೆಯಂತೆ ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಹರಡುವುದನ್ನೂ ಕಂಡರು. ಗ್ಲಿಯಾಗಳು ತಮ್ಮದೇ ರೀತಿಯಲ್ಲಿ ನಿಧಾನವಾಗಿ ಮಾತನಾಡುತ್ತವೆ ಎಂದು ಆಗ ತಿಳಿಯಿತು.

ಮೂರು ಬಗೆಯ ಗ್ಲಿಯಾಗಳು

1. ನಕ್ಷತ್ರಕೋಶ

ಇದರ ವೈಜ್ಞಾನಿಕ ಹೆಸರು ಆಸ್ಟ್ರೋಸೈಟ್. ಸುತ್ತಲೂ ಚಾಚಿದ ಕೈಗಳಿಂದ ನಕ್ಷತ್ರದಂತೆ ಕಾಣುತ್ತದೆ. ಅದರ ಒಂದು ಕೈ ರಕ್ತನಾಳವನ್ನು ಹಿಡಿದಿರುತ್ತದೆ, ಉಳಿದ ಕೈಗಳು ನರಕೋಶಗಳ ಕಡೆಗೆ ಚಾಚಿರುತ್ತವೆ. ರಕ್ತದಿಂದ ಬಂದ ಆಹಾರವನ್ನು ನರಕೋಶಗಳಿಗೆ ತಲುಪಿಸುವುದು ಇದರ ಒಂದು ಕೆಲಸ.

ಇನ್ನೊಂದು ಕೆಲಸ ಶುಚಿ ಮಾಡುವುದು. ಒಂದು ನರಕೋಶ ಮತ್ತೊಂದಕ್ಕೆ ಸಂದೇಶ ಕೊಡುವ ಜಾಗಕ್ಕೆ ಸಿನಾಪ್ಸ್ ಎಂದು ಹೆಸರು. ಅಲ್ಲಿ ಎರಡು ಕೋಶಗಳ ನಡುವೆ ಸಣ್ಣ ಸಂದು ಇರುತ್ತದೆ. ಮೊದಲ ಕೋಶ ರಾಸಾಯನಿಕವನ್ನು ಸುರಿಯುತ್ತದೆ, ಎರಡನೆಯದು ಅದನ್ನು ಗ್ರಹಿಸುತ್ತದೆ. ಸಂದೇಶ ತಲುಪಿದ ಮೇಲೂ ಆ ರಾಸಾಯನಿಕ ಅಲ್ಲೇ ಉಳಿದರೆ ಏನಾದೀತು? ಶಾಲೆಯ ಗಂಟೆ ನಿಲ್ಲದೆ ಬಾರಿಸುತ್ತಲೇ ಇದ್ದರೆ ಪಾಠ ಯಾವಾಗ, ಆಟ ಯಾವಾಗ ಎಂದು ಯಾರಿಗೂ ತಿಳಿಯದಲ್ಲವೇ? ಹಾಗೆಯೇ ಇಲ್ಲಿಯೂ ಗೊಂದಲವಾಗುತ್ತದೆ. ಆದ್ದರಿಂದ ನಕ್ಷತ್ರಕೋಶ ಹೆಚ್ಚಾದ ರಾಸಾಯನಿಕವನ್ನೂ, ನರಕೋಶದಿಂದ ಹೊರಬಂದ ಪೊಟ್ಯಾಸಿಯಮ್ಮನ್ನೂ ಹೀರಿಕೊಂಡು ಜಾಗವನ್ನು ಶುಚಿ ಮಾಡುತ್ತದೆ.

ಮನುಷ್ಯನ ಒಂದು ನಕ್ಷತ್ರಕೋಶದ ವ್ಯಾಪ್ತಿಯಲ್ಲಿ ಸುಮಾರು 2.7 ಲಕ್ಷದಿಂದ 20 ಲಕ್ಷದವರೆಗೆ ಸಿನಾಪ್ಸ್‌ಗಳು ಬರುತ್ತವೆ ಎಂದು ಅಂದಾಜು ಮಾಡಿದ್ದಾರೆ. ಇಲಿಯ ನಕ್ಷತ್ರಕೋಶ ಇದಕ್ಕಿಂತ ಬಹಳ ಚಿಕ್ಕದು. 2013ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಮನುಷ್ಯನ ಗ್ಲಿಯಾ ಕೋಶಗಳನ್ನು ಇಲಿಮರಿಗಳ ಮಿದುಳಿನಲ್ಲಿ ಬೆಳೆಸಿದರು. ದೊಡ್ಡವಾದಾಗ ಆ ಇಲಿಗಳು ಸಾಮಾನ್ಯ ಇಲಿಗಳಿಗಿಂತ ಬೇಗ ಕಲಿತವು! ಗ್ಲಿಯಾ ಬರಿಯ ಅಂಟಾಗಿದ್ದರೆ ಹೀಗಾಗಲು ಸಾಧ್ಯವಿತ್ತೇ?

2. ಹೊದಿಕೆ ಹಾಕುವ ಕೋಶ

ನರಕೋಶದ ಉದ್ದನೆಯ ಬಾಲವನ್ನು ಆಕ್ಸಾನ್ ಎನ್ನುತ್ತಾರೆ. ಅನೇಕ ಆಕ್ಸಾನ್‌ಗಳ ಮೇಲೆ ಮಯಲಿನ್ ಎಂಬ ಕೊಬ್ಬಿನಂಥ ಹೊದಿಕೆ ಸುರುಳಿ ಸುರುಳಿಯಾಗಿ ಸುತ್ತಿರುತ್ತದೆ. ಮಿದುಳು ಮತ್ತು ಬೆನ್ನುಹುರಿಗಳಲ್ಲಿ ಈ ಹೊದಿಕೆಯನ್ನು ಹಾಕುವುದು ಆಲಿಗೋಡೆಂಡ್ರೋಸೈಟ್ ಎಂಬ ಗ್ಲಿಯಾ. ಕೈಕಾಲುಗಳ ನರಗಳಲ್ಲಿ ಅದೇ ಕೆಲಸವನ್ನು ಶ್ವಾನ್ ಕೋಶಗಳು ಮಾಡುತ್ತವೆ.

ಹೊದಿಕೆಯಿಂದ ಏನು ಲಾಭ? ನಮ್ಮ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ನೆರಿಯದ ಉದಾಹರಣೆಯಿಂದ ತಿಳಿಯೋಣ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಮುಂತಾದವನ್ನು ಸಾಗಿಸುವ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗವಿದೆ. ಮಂಗಳೂರಿನಲ್ಲಿ ಒತ್ತಿ ಕಳುಹಿಸಿದ ತೈಲ ಘಟ್ಟದ ಬುಡಕ್ಕೆ ಬರುವಷ್ಟರಲ್ಲಿ ಅದರ ಒತ್ತಡ ಕಡಿಮೆಯಾಗಿರುತ್ತದೆ. ಮುಂದೆ ಘಟ್ಟ ಹತ್ತಬೇಕು. ಆದ್ದರಿಂದ ನೆರಿಯದಲ್ಲಿ ಒಂದು ಪಂಪಿಂಗ್ ಸ್ಟೇಷನ್ ಇದೆ. ಅಲ್ಲಿ ತೈಲಕ್ಕೆ ಹೊಸ ಒತ್ತಡ ಕೊಟ್ಟು ಮೇಲಕ್ಕೆ ಕಳುಹಿಸುತ್ತಾರೆ. ಕೊಳವೆಯ ಗೋಡೆ ಗಟ್ಟಿಯಾಗಿರುವುದರಿಂದ ತೈಲ ದಾರಿಯಲ್ಲಿ ಸೋರುವುದಿಲ್ಲ.

ಮಯಲಿನ್ ಹೊದಿಕೆಯೂ ಹೀಗೆಯೇ ವಿದ್ಯುತ್ ಸೋರದಂತೆ ತಡೆಯುತ್ತದೆ. ಆದರೆ ಅದು ಉದ್ದಕ್ಕೂ ಒಂದೇ ಸಮನೆ ಇಲ್ಲ. ಸುಮಾರು ಒಂದು ಮಿಲಿಮೀಟರಿಗೆ ಒಂದರಂತೆ, ಕೆಲವೆಡೆ ಇನ್ನೂ ಹತ್ತಿರ ಹತ್ತಿರವಾಗಿ, ಸಣ್ಣ ಸಣ್ಣ ತೆರಪುಗಳಿವೆ. ಅವುಗಳಿಗೆ ರಾನ್ವಿಯೇ ಗಂಟುಗಳೆಂದು ಹೆಸರು. ಪ್ರತಿ ಗಂಟಿನಲ್ಲಿಯೂ ಸಂದೇಶಕ್ಕೆ ಹೊಸ ಬಲ ಸಿಗುತ್ತದೆ. ನೆರಿಯದ ಪಂಪಿನಂತೆ! ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಿ. ಕೊಳವೆಯಲ್ಲಿ ತೈಲವೇ ಮಂಗಳೂರಿನಿಂದ ಬೆಂಗಳೂರಿಗೆ ಹೋಗುತ್ತದೆ. ನರದಲ್ಲಿ ಹೀಗೆ ವಸ್ತುವೊಂದು ತುದಿಯಿಂದ ತುದಿಗೆ ಹರಿಯುವುದಿಲ್ಲ, ವಿದ್ಯುತ್ತಿನ ಬದಲಾವಣೆ ಮಾತ್ರ ಮುಂದೆ ಮುಂದೆ ಸಾಗುತ್ತದೆ.

ದಪ್ಪ ಹೊದಿಕೆ ಇರುವ ಆಕ್ಸಾನ್‌ನಲ್ಲಿ ಸಂದೇಶ ಸೆಕೆಂಡಿಗೆ 120 ಮೀಟರ್‌ವರೆಗೆ ಓಡಬಲ್ಲದು. ಹೊದಿಕೆ ಇಲ್ಲದ ತೆಳ್ಳಗಿನ ಆಕ್ಸಾನ್‌ನಲ್ಲಿ ಸೆಕೆಂಡಿಗೆ ಸುಮಾರು ಒಂದು ಮೀಟರ್ ಮಾತ್ರ. ಇದನ್ನು ನೀವೇ ಅನುಭವಿಸಿದ್ದೀರಿ. ಬರಿಗಾಲಿನಲ್ಲಿ ನಡೆಯುವಾಗ ಹೆಬ್ಬೆರಳು ಕಲ್ಲಿಗೆ ಎಡವಿತು ಎನ್ನಿ. 'ತಾಗಿತು' ಎಂಬುದು ಒಡನೆಯೇ ತಿಳಿಯುತ್ತದೆ. ಜುಂ ಎನ್ನುವ ನೋವು ಸ್ವಲ್ಪ ತಡೆದು ಏರಿ ಬರುತ್ತದೆ. ಮೊದಲ ಸುದ್ದಿ ಹೊದಿಕೆ ಇರುವ ದಾರಿಯಲ್ಲಿ ಬಂದದ್ದು, ಎರಡನೆಯದು ಹೊದಿಕೆ ಇಲ್ಲದ ದಾರಿಯಲ್ಲಿ ಬಂದದ್ದು.

ಶ್ವಾನ್ ಕೋಶಗಳ ಬಗ್ಗೆ ಇನ್ನೊಂದು ಮಾತು. ಕುಷ್ಠರೋಗದ ಬ್ಯಾಕ್ಟೀರಿಯಾ ಹೊಕ್ಕು ಅಡಗಿ ಕೂರುವುದು ಇವುಗಳಲ್ಲಿಯೇ. ಆಗ ನರ ಹಾಳಾಗುತ್ತದೆ, ಆ ಭಾಗದಲ್ಲಿ ಬಿಸಿ, ತಣ್ಣಗೆ, ಸ್ಪರ್ಶ ತಿಳಿಯದಂತಾಗುತ್ತದೆ. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಮುಚ್ಚಿಡಬಾರದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ಅಲ್ಲಿ ಉಚಿತವಾಗಿ ಔಷಧಿ ಸಿಗುತ್ತದೆ. ಬೇಗ ಚಿಕಿತ್ಸೆ ಪಡೆದರೆ ಅಂಗವೈಕಲ್ಯ ಬಾರದಂತೆ ಪೂರ್ತಿ ಗುಣವಾಗುತ್ತದೆ.

3. ಕಾವಲುಕೋಶ

ಇದರ ಹೆಸರು ಮೈಕ್ರೋಗ್ಲಿಯಾ. ಇದು ಎಲ್ಲಕ್ಕಿಂತ ಚಿಕ್ಕದು, ಆದರೆ ಸುಮ್ಮನೆ ಕೂರುವುದಿಲ್ಲ. ತನ್ನ ಕೈಗಳನ್ನು ಚಾಚುತ್ತ, ಮಡಚುತ್ತ ಸುತ್ತಮುತ್ತ ತಡವುತ್ತಲೇ ಇರುತ್ತದೆ. ರೋಗಾಣು ಬಂದರೆ, ಕೋಶವೊಂದು ಸತ್ತರೆ ಅಲ್ಲಿಗೆ ಧಾವಿಸಿ ನುಂಗಿಬಿಡುತ್ತದೆ.

ಇದು ತೋಟಗಾರನ ಕೆಲಸವನ್ನೂ ಮಾಡುತ್ತದೆ. ಅಡಿಕೆ ತೋಟದ ನಡುವೆ ಕೊಕ್ಕೋ ಗಿಡ ಬೆಳೆಸುವವರು ಬೇಡದ ಚಿಗುರುಗಳನ್ನು ಸವರುವುದನ್ನು ನೋಡಿದ್ದೀರಾ? ಎಲ್ಲ ಚಿಗುರನ್ನೂ ಬಿಟ್ಟರೆ ಗಿಡ ಪೊದೆಯಾಗುತ್ತದೆ, ಫಸಲು ಕಡಿಮೆಯಾಗುತ್ತದೆ. ಚಿಕ್ಕ ಮಕ್ಕಳ ಮಿದುಳಿನಲ್ಲಿಯೂ ಬೇಕಾದದ್ದಕ್ಕಿಂತ ಹೆಚ್ಚು ಸಿನಾಪ್ಸ್‌ಗಳು ಹುಟ್ಟುತ್ತವೆ. ಹೆಚ್ಚು ಬಳಸಿದವು ಉಳಿಯುತ್ತವೆ, ಬಳಸದ ಹಲವು ಇಲ್ಲವಾಗುತ್ತವೆ. ಹೀಗೆ ಸವರುವುದರಲ್ಲಿ ಮೈಕ್ರೋಗ್ಲಿಯಾ ಪಾಲ್ಗೊಳ್ಳುತ್ತದೆ ಎಂದು 2012ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನ ತೋರಿಸಿತು.

ಪೆಪ್ಟೈಡ್ ಎಂಬ ಮಣಿಸರ

ಇನ್ನು ಸಂದೇಶ ಹೊರುವ ಅಣುಗಳ ಕಡೆಗೆ ಬರೋಣ. ಬೇಳೆ, ಮೊಟ್ಟೆ, ಮೀನುಗಳಲ್ಲಿ ಪ್ರೋಟೀನು ಇದೆ ಎಂದು ಕಲಿತಿದ್ದೀರಿ. ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಅದರಲ್ಲಿ ನೂರಾರು ಮಣಿಗಳಿರಬಹುದು. ಕೆಲವೇ ಮಣಿಗಳ ಗಿಡ್ಡ ಸರಕ್ಕೆ ಪೆಪ್ಟೈಡ್ ಎನ್ನುತ್ತಾರೆ.

ನರಕೋಶ ತನ್ನ ತಲೆಯ ಭಾಗದಲ್ಲಿ ಮೊದಲು ಉದ್ದನೆಯ ಸರವನ್ನು ತಯಾರಿಸುತ್ತದೆ. ಆಮೇಲೆ ಅದನ್ನು ಬೇಕಾದ ಕಡೆಗಳಲ್ಲಿ ಕತ್ತರಿಸಿ ಪೆಪ್ಟೈಡ್ ಮಾಡುತ್ತದೆ. ಅದನ್ನು ಪುಟ್ಟ ಚೀಲಗಳಲ್ಲಿ ತುಂಬಿ ಬಾಲದ ತುದಿಯ ಕಡೆಗೆ ಕಳುಹಿಸುತ್ತದೆ. ನರಕೋಶ ಜೋರಾಗಿ ಕೆಲಸ ಮಾಡುವಾಗ ಆ ಚೀಲಗಳು ತೆರೆದು ಪೆಪ್ಟೈಡ್ ಹೊರಬರುತ್ತದೆ.

ಹಾಗಾದರೆ ಸಿನಾಪ್ಸ್‌ನ ಸಾಮಾನ್ಯ ರಾಸಾಯನಿಕಕ್ಕೂ ಪೆಪ್ಟೈಡಿಗೂ ಏನು ವ್ಯತ್ಯಾಸ? ಸಾಮಾನ್ಯ ರಾಸಾಯನಿಕದ ಸಂದೇಶ ಪಕ್ಕದಲ್ಲಿ ಕುಳಿತವನ ಕಿವಿಯಲ್ಲಿ ಹೇಳಿದ ಮಾತಿನಂತೆ. ಕ್ಷಣದಲ್ಲಿ ತಲುಪುತ್ತದೆ, ಕ್ಷಣದಲ್ಲಿ ಮುಗಿಯುತ್ತದೆ. ಪೆಪ್ಟೈಡಿನ ಸಂದೇಶ ಊರಿನಲ್ಲಿ ಜೀಪಿಗೆ ಮೈಕ್ ಕಟ್ಟಿ ಪ್ರಚಾರ ಮಾಡಿದಂತೆ. ನಿಧಾನವಾಗಿ ಹರಡುತ್ತದೆ, ದೂರದವರಿಗೂ ಕೇಳಿಸುತ್ತದೆ, ಪರಿಣಾಮ ನಿಮಿಷಗಟ್ಟಲೆ ಉಳಿಯುತ್ತದೆ. ಆದರೆ ಎಲ್ಲ ಕೋಶಗಳಿಗೂ ಇದು ಅರ್ಥವಾಗುವುದಿಲ್ಲ. ಬೀಗಕ್ಕೆ ಅದರದೇ ಕೀಲಿಕೈ ಇರುವಂತೆ, ಆ ಪೆಪ್ಟೈಡಿಗೆ ಹೊಂದುವ ಗ್ರಾಹಕ ಇರುವ ಕೋಶ ಮಾತ್ರ ಅದನ್ನು ಗ್ರಹಿಸಬಲ್ಲದು. ನಕ್ಷತ್ರಕೋಶಗಳ ಮೇಲೂ ಇಂಥ ಗ್ರಾಹಕಗಳಿವೆ. ಎಂದರೆ ಪೆಪ್ಟೈಡುಗಳ ಮಾತನ್ನು ಗ್ಲಿಯಾಗಳೂ ಕೇಳಿಸಿಕೊಳ್ಳುತ್ತವೆ!

ಹಟ್ಟಿಯಲ್ಲಿ ನಡೆಯುವ ವಿಜ್ಞಾನ

ಬೆಳಿಗ್ಗೆ ಹಟ್ಟಿಯಲ್ಲಿ ಹಾಲು ಕರೆಯುವುದನ್ನು ಗಮನಿಸಿ. ಹಾಲು ಕರೆಯುವ ಮೊದಲು ಕರುವನ್ನು ಸ್ವಲ್ಪ ಹೊತ್ತು ಕುಡಿಯಲು ಬಿಡುತ್ತಾರೆ, ಅಥವಾ ಕೆಚ್ಚಲನ್ನು ಬೆಚ್ಚನೆಯ ನೀರಿನಿಂದ ತೊಳೆದು ಮೆಲ್ಲಗೆ ಸವರುತ್ತಾರೆ. ಒಂದು ನಿಮಿಷದ ಹೊತ್ತಿಗೆ ಹಾಲು ಇಳಿಯುತ್ತದೆ. ಏಕೆ?

ಕೆಚ್ಚಲಿನ ಸ್ಪರ್ಶದ ಸುದ್ದಿ ನರಗಳ ಮೂಲಕ ಹಸುವಿನ ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಭಾಗಕ್ಕೆ ಹೋಗುತ್ತದೆ. ಅಲ್ಲಿನ ನರಕೋಶಗಳು ಆಕ್ಸಿಟೋಸಿನ್ ಎಂಬ ಪೆಪ್ಟೈಡನ್ನು ತಯಾರಿಸಿ ಇಟ್ಟಿರುತ್ತವೆ. ಅವುಗಳ ಬಾಲದ ತುದಿ ಪಿಟ್ಯುಟರಿ ಗ್ರಂಥಿಯಲ್ಲಿದೆ. ಅಲ್ಲಿಂದ ಆಕ್ಸಿಟೋಸಿನ್ ರಕ್ತಕ್ಕೆ ಸೇರಿ ಕೆಚ್ಚಲಿಗೆ ಬರುತ್ತದೆ. ಹಾಲಿನ ಚೀಲಗಳ ಸುತ್ತಲಿನ ಕೋಶಗಳನ್ನು ಹಿಂಡಿ ಹಾಲು ಇಳಿಯುವಂತೆ ಮಾಡುತ್ತದೆ. ತಾಯಂದಿರು ಮಗುವಿಗೆ ಹಾಲೂಡಿಸುವಾಗಲೂ ಹೀಗೆಯೇ ಆಗುತ್ತದೆ. ಹಸುವನ್ನು ಗದರಿಸಿದರೆ, ನಾಯಿ ಬಂದು ಬೊಗಳಿದರೆ ಹಾಲು ಇಳಿಯದೇ ಇರುವುದೂ ಉಂಟು. ಹೆದರಿಕೆಯಲ್ಲಿ ಬರುವ ಅಡ್ರಿನಲಿನ್ ಈ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಹಸುವನ್ನು ಪ್ರೀತಿಯಿಂದ ಮಾತನಾಡಿಸಿ ಹಾಲು ಕರೆಯಬೇಕು ಎಂದು ಹಿರಿಯರು ಹೇಳುವುದರಲ್ಲಿ ವಿಜ್ಞಾನವೂ ಇದೆ.

ಇಲ್ಲಿ ಗ್ಲಿಯಾದ ಪಾತ್ರ ಬಹಳ ಸ್ವಾರಸ್ಯಕರ. ಸಾಮಾನ್ಯ ದಿನಗಳಲ್ಲಿ ಆಕ್ಸಿಟೋಸಿನ್ ನರಕೋಶಗಳ ನಡುವೆ ನಕ್ಷತ್ರಕೋಶಗಳ ತೆಳ್ಳನೆಯ ಕೈಗಳು ತೆರೆಯಂತೆ ಚಾಚಿರುತ್ತವೆ. ತಾಯಿ ಇಲಿ ಮರಿಗಳಿಗೆ ಹಾಲೂಡಿಸುವ ಕಾಲದಲ್ಲಿ ಈ ಕೈಗಳು ಹಿಂದೆ ಸರಿಯುತ್ತವೆ ಎಂದು ವಿಜ್ಞಾನಿಗಳು ಕಂಡರು. ಆಗ ಆಕ್ಸಿಟೋಸಿನ್ ನರಕೋಶಗಳು ಒಂದಕ್ಕೊಂದು ತಾಗಿಕೊಳ್ಳುತ್ತವೆ, ಒಟ್ಟಾಗಿ ಒಂದೇ ಬಾರಿಗೆ ಪೆಪ್ಟೈಡನ್ನು ಬಿಡಲು ಅನುಕೂಲವಾಗುತ್ತದೆ. ಹಾಲೂಡಿಸುವ ಕಾಲ ಮುಗಿದ ಮೇಲೆ ಕೈಗಳು ಮತ್ತೆ ಮೊದಲಿನಂತೆ ಚಾಚಿಕೊಳ್ಳುತ್ತವೆ. ಯಾವಾಗ ನಡುವೆ ನಿಲ್ಲಬೇಕು, ಯಾವಾಗ ದಾರಿ ಬಿಡಬೇಕು ಎಂಬುದು ಗ್ಲಿಯಾಕ್ಕೆ ತಿಳಿದಿದೆಯೋ ಎಂಬಂತೆ!

ಎರಡು ಮಣಿ ಬದಲಾದರೆ

ಆಕ್ಸಿಟೋಸಿನ್‌ನಲ್ಲಿ ಒಂಬತ್ತು ಮಣಿಗಳಿವೆ. ಅದರ ರಚನೆಯನ್ನು 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಎಂಬ ಅಮೆರಿಕದ ವಿಜ್ಞಾನಿ ತಿಳಿಸಿಕೊಟ್ಟರು, ಪ್ರಯೋಗಶಾಲೆಯಲ್ಲಿ ತಯಾರಿಸಿಯೂ ತೋರಿಸಿದರು. 1955ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಇದೇ ಸರದ ಮೂರನೆಯ ಮತ್ತು ಎಂಟನೆಯ ಮಣಿಗಳನ್ನು ಮಾತ್ರ ಬದಲಿಸಿದರೆ ವ್ಯಾಸೊಪ್ರೆಸಿನ್ ಎಂಬ ಬೇರೆಯೇ ಪೆಪ್ಟೈಡ್ ಆಗುತ್ತದೆ. ಅದರ ಮುಖ್ಯ ಕೆಲಸ ಮೂತ್ರಪಿಂಡಗಳಿಗೆ 'ನೀರು ಉಳಿಸಿ' ಎಂದು ಹೇಳುವುದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಆಡಿ ಬೆವರಿದ ದಿನ ಮೂತ್ರ ಕಡಿಮೆಯಾಗಿ ಹಳದಿಯಾಗುತ್ತದಲ್ಲ, ಅದಕ್ಕೆ ಕಾರಣ ಇದೇ. ಏಳು ಮಣಿಗಳು ಒಂದೇ, ಎರಡು ಮಾತ್ರ ಬೇರೆ. ಒಂದು ಹಾಲು ಇಳಿಸುತ್ತದೆ, ಇನ್ನೊಂದು ನೀರು ಉಳಿಸುತ್ತದೆ.

ಗಾಂಧಾರಿ ಮೆಣಸು ಕಚ್ಚಿದಾಗ

ಗಾಂಧಾರಿ ಮೆಣಸನ್ನು ಕಚ್ಚಿದರೆ ಬಾಯಿ ಸುಟ್ಟಂತೆ ಆಗುತ್ತದೆ. ಮೆಣಸು ನಿಜವಾಗಿ ಬಿಸಿಯಾಗಿದೆಯೇ? ಇಲ್ಲ. ಅದರಲ್ಲಿರುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ, ಬಿಸಿಯನ್ನು ತಿಳಿಯುವ ನರಗಳನ್ನು ಕೆಣಕುತ್ತದೆ. ಆ ನರಗಳು 'ಸಬ್‌ಸ್ಟೆನ್ಸ್ ಪಿ' ಎಂಬ 11 ಮಣಿಗಳ ಪೆಪ್ಟೈಡನ್ನು ಬಿಡುತ್ತವೆ. ಉರಿ ಮತ್ತು ನೋವಿನ ಸುದ್ದಿಯನ್ನು ಮುಂದೆ ಸಾಗಿಸುವುದರಲ್ಲಿ ಇದಕ್ಕೆ ಪಾಲಿದೆ. ಇದನ್ನು 1931ರಲ್ಲಿಯೇ ಫಾನ್ ಆಯ್ಲರ್ ಮತ್ತು ಗ್ಯಾಡಮ್ ಎಂಬವರು ಕಂಡುಹಿಡಿದಿದ್ದರು.

ನೋವು ಸಾಗಿಸುವ ಪೆಪ್ಟೈಡ್ ಇದ್ದರೆ ಅದನ್ನು ತಗ್ಗಿಸುವ ಪೆಪ್ಟೈಡೂ ಬೇಕಲ್ಲವೇ? ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್ಲಿಟ್ಸ್ 1975ರಲ್ಲಿ ಹಂದಿಯ ಮಿದುಳಿನಲ್ಲಿ ಅಂಥದೊಂದನ್ನು ಗುರುತಿಸಿದರು. ಅದರ ಹೆಸರು ಎನ್‌ಕೆಫಲಿನ್. ಅದರಲ್ಲಿರುವುದು ಐದೇ ಮಣಿಗಳು. ನಮ್ಮ ಮಿದುಳು ತನಗೆ ಬೇಕಾದ ನೋವಿನ ಔಷಧಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ!

ಬೆಂಗಳೂರಿನಲ್ಲಿ ಹಣ್ಣುನೊಣದ ಪಾಠ

ಕಳಿತ ಬಾಳೆಹಣ್ಣಿನ ಸುತ್ತ, ಬಿಡಿಸಿಟ್ಟ ಹಲಸಿನ ಹಣ್ಣಿನ ಸುತ್ತ ಹಾರಾಡುವ ಸಣ್ಣ ನೊಣಗಳು ನಿಮಗೆ ಗೊತ್ತು. ಡ್ರೊಸೊಫಿಲಾ ಎಂಬ ಈ ನೊಣದ ಮಿದುಳಿನಲ್ಲಿಯೂ ಗ್ಲಿಯಾ ಇದೆ, ಪೆಪ್ಟೈಡುಗಳೂ ಇವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಡಾ. ಗೈತಿ ಹಸನ್ ಮತ್ತು ಅವರ ಸಂಗಡಿಗರು ಈ ನೊಣದ ಮೇಲೆ ಬಹಳ ವರ್ಷ ಸಂಶೋಧನೆ ನಡೆಸಿದ್ದಾರೆ.

ಅವರು ಕೇಳಿದ ಒಂದು ಪ್ರಶ್ನೆ ಹೀಗಿದೆ. ಮರಿಹುಳು ಬೆಳೆಯುತ್ತಿರುವಾಗ ಪ್ರೋಟೀನು ಇರುವ ಆಹಾರ ಸಿಗದೇ ಹೋದರೆ ಏನಾಗುತ್ತದೆ? ಹುಳು ಒಂದು ಹಂತದವರೆಗೆ ಬೆಳೆದಿದ್ದರೆ, ಬರಿಯ ಸಕ್ಕರೆ ಇರುವ ಆಹಾರದಲ್ಲಿಯೂ ಅದು ಪ್ಯೂಪಾ ಆಗಿ, ನೊಣವಾಗಿ ಬದಲಾಗಬಲ್ಲದು. ಇದಕ್ಕೆ ಮಿದುಳಿನಿಂದ ಹೊರಡುವ ಎರಡು ಪೆಪ್ಟೈಡುಗಳು ಬೇಕೇಬೇಕು ಎಂದು ಇವರ ತಂಡ 2019ರಲ್ಲಿ ಪ್ರಕಟಿಸಿತು. ಆ ಪೆಪ್ಟೈಡುಗಳು ಸರಿಯಾಗಿ ಹೊರಬರಲು ಕೋಶದೊಳಗಿನ ಕ್ಯಾಲ್ಸಿಯಂ ವ್ಯವಸ್ಥೆ ಸರಿಯಾಗಿರಬೇಕು. ಅದು ಕೆಟ್ಟರೆ ಹಸಿದ ಹುಳು ಬೆಳವಣಿಗೆಯನ್ನು ಮುಗಿಸಲಾರದು. ಸಾಸಿವೆ ಕಾಳಿಗಿಂತ ಚಿಕ್ಕದಾದ ಮಿದುಳು ಬರಗಾಲದಲ್ಲಿ ಹೇಗೆ ಸಂಸಾರ ತೂಗಿಸುತ್ತದೆ ನೋಡಿ.

ಬಿಸಿನೀರು ಮತ್ತು ಅಪಸ್ಮಾರ

ನರಕೋಶಗಳು, ಗ್ಲಿಯಾಗಳು, ಸಂದೇಶದ ಅಣುಗಳು ಹೊಂದಿಕೊಂಡು ಕೆಲಸ ಮಾಡಿದರೆ ಮಿದುಳಿಗೆ ಆರೋಗ್ಯ. ಹೊಂದಿಕೆ ತಪ್ಪಿದರೆ? ಬಹಳಷ್ಟು ನರಕೋಶಗಳು ಹತೋಟಿ ಮೀರಿ ಒಟ್ಟಿಗೇ ಮಿಡಿಯತೊಡಗಿದಾಗ ಬರುವುದೇ ಅಪಸ್ಮಾರದ ಸೆಳವು. ಫಿಟ್ಸ್, ಮೂರ್ಛೆರೋಗ ಎಂದೂ ಇದನ್ನು ಕರೆಯುತ್ತಾರೆ. ಕೆಲವು ಬಗೆಯ ಅಪಸ್ಮಾರಗಳಲ್ಲಿ ನಕ್ಷತ್ರಕೋಶಗಳ ಶುಚಿ ಕೆಲಸ ಸರಿಯಾಗಿ ನಡೆಯದಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಹೊರಬಂದ ಪೊಟ್ಯಾಸಿಯಂ ಅಲ್ಲಿಯೇ ಉಳಿದರೆ ನರಕೋಶಗಳು ಮತ್ತೆ ಮತ್ತೆ ಕೆರಳುತ್ತವೆ.

ನಮ್ಮ ರಾಜ್ಯದಲ್ಲಿ, ಅದರಲ್ಲೂ ದಕ್ಷಿಣದ ಜಿಲ್ಲೆಗಳಲ್ಲಿ, ಒಂದು ವಿಶೇಷ ಬಗೆಯ ಅಪಸ್ಮಾರ ಕಂಡುಬರುತ್ತದೆ. ಹಂಡೆಯಿಂದ ಸುಡುವ ನೀರನ್ನು ಚೆಂಬಿನಲ್ಲಿ ಮೊಗೆದು ತಲೆಯ ಮೇಲೆ ಒಂದರ ಹಿಂದೆ ಒಂದರಂತೆ ಸುರಿದಾಗ ಕೆಲವರಿಗೆ ಸೆಳವು ಬರುತ್ತದೆ. ಇದು ಮಕ್ಕಳಲ್ಲಿಯೂ ಕಾಣಿಸುತ್ತದೆ. ಇದಕ್ಕೆ ಬಿಸಿನೀರಿನ ಅಪಸ್ಮಾರ ಎಂದೇ ಹೆಸರು. ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ಮಂದಿಯ ವಿವರಗಳನ್ನು ಪ್ರಕಟಿಸಿದರು. ಇಂಥವರು ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಬೇಕು, ತಲೆಗೆ ಒಮ್ಮೆಲೇ ಬಿಸಿನೀರು ಸುರಿಯಬಾರದು. ವೈದ್ಯರನ್ನು ಕಂಡು ಅವರು ಹೇಳಿದಂತೆ ನಡೆದರೆ ಹೆಚ್ಚಿನವರಲ್ಲಿ ಇದು ಹತೋಟಿಗೆ ಬರುತ್ತದೆ.

ಅಪಸ್ಮಾರ ದೆವ್ವದ ಕಾಟವೂ ಅಲ್ಲ, ಅಂಟುರೋಗವೂ ಅಲ್ಲ. ಅದು ಮಿದುಳಿನ ಕಾಯಿಲೆ, ಅದಕ್ಕೆ ಔಷಧಿ ಇದೆ. ತರಗತಿಯಲ್ಲಿ ಗೆಳೆಯನಿಗೋ ಗೆಳತಿಗೋ ಸೆಳವು ಬಂದರೆ ಹೆದರಬೇಡಿ. ಕೂಡಲೇ ಶಿಕ್ಷಕರನ್ನು ಕರೆಯಿರಿ. ಜೊತೆಗೆ ಇಷ್ಟನ್ನು ನೆನಪಿಡಿ.

• ಸುತ್ತಲಿನ ಬೆಂಚು, ಕಲ್ಲು, ಚೂಪಾದ ವಸ್ತುಗಳನ್ನು ದೂರ ಸರಿಸಿ.
• ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿ, ಕೊರಳಿನ ಗುಂಡಿ ಬಿಚ್ಚಿ.
• ಒಂದು ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ಜೊಲ್ಲು ಹೊರಗೆ ಹರಿದುಹೋಗಲಿ.
• ಕೈಕಾಲುಗಳನ್ನು ಬಲವಂತದಿಂದ ಒತ್ತಿ ಹಿಡಿಯಬೇಡಿ.
• ಬಾಯಿಗೆ ನೀರು, ಚಮಚ, ಬಟ್ಟೆ ಏನನ್ನೂ ಹಾಕಬೇಡಿ.
• ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಸೆಳವು ನಿಲ್ಲುವುದಿಲ್ಲ. ಅದು ತಾನಾಗಿಯೇ ನಿಲ್ಲುವ ಹೊತ್ತಿಗೆ ಕಬ್ಬಿಣ ಕೈಯಲ್ಲಿತ್ತು, ಅಷ್ಟೇ.
• ಗಡಿಯಾರ ನೋಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ ದೊಡ್ಡವರಿಂದ 108ಕ್ಕೆ ಕರೆ ಮಾಡಿಸಿ.

ಎಚ್ಚರವಾದ ಮೇಲೆ ಆ ಗೆಳೆಯನ ಪಕ್ಕದಲ್ಲಿ ಎಂದಿನಂತೆ ಕುಳಿತುಕೊಳ್ಳಿ. ಯಾರಾದರೂ ನಕ್ಕರೆ, ದೂರ ಸರಿದರೆ, ಇದು ಮಿದುಳಿನ ಕಾಯಿಲೆ ಎಂದು ಅವರಿಗೆ ತಿಳಿಸಿ ಹೇಳಿ. ಇಷ್ಟು ಓದಿದ ನಿಮಗೆ ಅದು ಕಷ್ಟವಾಗಲಾರದು.

ಮಾಡಿ ನೋಡಿ: ಪೆಪ್ಟೈಡ್ ಸರ

ಬೇಕಾಗುವ ಸಾಮಗ್ರಿ: ಬಣ್ಣದ ಕಾಗದದ ಚೂರುಗಳು, ದಾರ, ಸೂಜಿ.

ಕಾಗದದಿಂದ ಒಂಬತ್ತು ಬಿಲ್ಲೆಗಳನ್ನು ಕತ್ತರಿಸಿ 1ರಿಂದ 9ರವರೆಗೆ ಸಂಖ್ಯೆ ಬರೆಯಿರಿ. 1 ಮತ್ತು 6ನೆಯ ಬಿಲ್ಲೆಗಳಿಗೆ ಒಂದೇ ಬಣ್ಣವಿರಲಿ. ಅವೆರಡೂ ಒಂದೇ ಅಮೈನೋ ಆಮ್ಲ, ಸಿಸ್ಟೀನ್. ಉಳಿದವುಗಳಿಗೆ ಬೇರೆ ಬೇರೆ ಬಣ್ಣವಿರಲಿ. ಸಂಖ್ಯೆಯ ಕ್ರಮದಲ್ಲಿ ದಾರಕ್ಕೆ ಪೋಣಿಸಿ. ಈಗ 1 ಮತ್ತು 6ನೆಯ ಬಿಲ್ಲೆಗಳನ್ನು ಇನ್ನೊಂದು ದಾರದಿಂದ ಸೇರಿಸಿ ಕಟ್ಟಿ. ಒಂದು ಉಂಗುರ, ಅದಕ್ಕೆ ಮೂರು ಬಿಲ್ಲೆಗಳ ಬಾಲ ಕಾಣುತ್ತದೆ. ಇದು ಆಕ್ಸಿಟೋಸಿನ್‌ನ ಮಾದರಿ. ಇದರಂತೆಯೇ ಇನ್ನೊಂದು ಸರ ಮಾಡಿ. ಅದರಲ್ಲಿ 3 ಮತ್ತು 8ನೆಯ ಬಿಲ್ಲೆಗಳಿಗೆ ಮಾತ್ರ ಹೊಸ ಬಣ್ಣಗಳನ್ನು ಬಳಸಿ. ಇದು ವ್ಯಾಸೊಪ್ರೆಸಿನ್‌ನ ಮಾದರಿ. ಎರಡನ್ನೂ ತರಗತಿಯ ಗೋಡೆಯಲ್ಲಿ ತೂಗುಹಾಕಿ, ಅವುಗಳ ಕೆಲಸವನ್ನು ಕೆಳಗೆ ಬರೆಯಿರಿ.

ಯೋಚಿಸಿ, ಉತ್ತರಿಸಿ

1. ಗ್ಲಿಯಾ ಎಂಬ ಹೆಸರು ಈಗ ಅವುಗಳ ಕೆಲಸಕ್ಕೆ ಪೂರ್ತಿ ಹೊಂದುತ್ತದೆಯೇ? ನೀವಾಗಿದ್ದರೆ ಏನು ಹೆಸರು ಇಡುತ್ತಿದ್ದಿರಿ?
2. ಎಡವಿದಾಗ ಸ್ಪರ್ಶ ಮೊದಲು, ನೋವು ಆಮೇಲೆ ತಿಳಿಯುವುದೇಕೆ?
3. ಸೆಕೆಂಡಿಗೆ 120 ಮೀಟರ್ ವೇಗ ಎಂದರೆ ಗಂಟೆಗೆ ಎಷ್ಟು ಕಿಲೋಮೀಟರ್? ಲೆಕ್ಕ ಮಾಡಿ.
4. ಹಸುವನ್ನು ಹೆದರಿಸಿದರೆ ಹಾಲು ಇಳಿಯದಿರಲು ಕಾರಣವೇನು?
5. ವಿಜ್ಞಾನ ಪಟ್ಟಿಯಲ್ಲಿ ನರಕೋಶದ ಚಿತ್ರವನ್ನು ಮತ್ತೊಮ್ಮೆ ಬರೆಯಿರಿ. ಈ ಸಲ ಸುತ್ತಲಿನ ಜಾಗದಲ್ಲಿ ಮೂರು ಬಗೆಯ ಗ್ಲಿಯಾಗಳನ್ನೂ ಬರೆದು ಹೆಸರಿಸಿ.